ತೂಕವಿಲ್ಲದ ಪವರ್ ಸಪ್ಲೈ

ಹಳೇಕೋಟೆ ಕಡೆ ಒಂದೂರಿನ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮಿಷನ್ನಿಗೆ ಕರೆಂಟು ಕೊಡುವ ಪವರ್ ಸಪ್ಲೈ ಸುಟ್ಟುಹೋಗಿತ್ತು. ರಿಪೇರಿಗೆ ಹೋದವನು ನಾನು. ಬೆಳಗಿನ ಹಾಲು ಹಿಡಿದು ಜನ ಸಾಲುಗಟ್ಟಿದ್ದರು, ಬಿಸಿಲೇರುತ್ತಿತ್ತು. ಇಟ್ಟಿಗೆಯಂಥ ಹಳೇ ಸಪ್ಲೈ ಬಿಚ್ಚಿ, ಅಂಗೈಯಗಲದ ಹೊಸದನ್ನು ಹೊರತೆಗೆದೆ. ಡೇರಿ ಸೆಕ್ರೆಟರಿ ಅದನ್ನು ಇಸಕೊಂಡು ಸೀದಾ ಹಾಲು ತೂಗುವ ತಕ್ಕಡಿ ಮೇಲಿಟ್ಟರು.

"ಒಳಗೇನೂ ಇಲ್ವಲ್ಲ ಸಾ! ಯಾರೋ ನಿಮ್ಗೆ ಟೋಪಿ ಹಾಕವ್ರೆ."

"ಇದರೊಳಗಿನ ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತೆ. ಅದಕ್ಕೇ ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕು," ಅಂದೆ.

"ಆ ಕೆಲ್ಸಾನ ನಮ್ಮೂರ ಕರೆಂಟೇ ಮಾಡ್ತದೆ. ಅದ್ಕೂ ಒಂದು ಮಿಷನ್ ತಂದ್ರಾ?"

ಸಾಲಿನ ಮುಂದಿದ್ದ ಅಜ್ಜಿ ಕ್ಯಾನು ಹಿಂದಕ್ಕೆಳೆದುಕೊಂಡರು. "ಅದೇ ಇಷ್ಟು ಅಗುರ ಅದೆ. ನಮ್ಮಾಲ್ನೂ ತೆಳುವು ಅಂತ್ಲೇ ತೋರುಸ್ತದೆ. ಬ್ಯಾಡ ಕಣಪ್ಪ!"

ಸಾಲಿಗೆ ಸಾಲೇ ತಲೆಯಾಡಿಸಿತು. ಕೊನೆಗೆ, ಹೊಸದು ಹಾಕಲಿ, ಆದರೆ ಹಳೇದೂ ಅಲ್ಲೇ ಇರಲಿ ಅಂತ ಸೆಕ್ರೆಟರಿ ತೀರ್ಪು ಕೊಟ್ಟರು. ಹೊಸದನ್ನು ಜೋಡಿಸಿ, ವೈರೇ ಇಲ್ಲದ ಹಳೇದನ್ನು ಮಿಷನ್ ಪಕ್ಕ ಭದ್ರವಾಗಿ ಕೂರಿಸಿದೆ.

ಅಜ್ಜಿಯ ಹಾಲಿಗೆ ಒಳ್ಳೇ ಫ್ಯಾಟ್ ಬಂತು. ಅಜ್ಜಿ ಸುಟ್ಟ ಸಪ್ಲೈ ತಲೆ ಸವರುತ್ತಾ ನನ್ನತ್ತ ತಿರುಗಿದರು.

"ಇದ್ನಾ ನೀನು ಕೆಟ್ಟೋಗದೆ ಅಂದಿದ್ದು?"

ಫ್ಯಾಟ್ ಚೆನ್ನಾಗಿ ಬಂದವರ ಹತ್ತಿರ ನಾನು ವಾದಕ್ಕೆ ಹೋಗುವುದಿಲ್ಲ.