ಬಾದಾಮಿಗೆ ಹೋದ ತಗಡಿನ ಜನರಲ್

ಇಳಕಲ್ಲಿನ ಬೆಳಗಿನ ಬಸ್ಸಿಗೆ ನಾವು ಮೂವರು ಹತ್ತಿದೆವು: ನಾನು, ನನ್ನ ತಮ್ಮ ಸಂಗಪ್ಪ, ಅವನು ಮಾಡಿದ ಜನರಲ್. ಜನರಲ್ಲನ ಹೊಟ್ಟೆ ಎಣ್ಣೆ ಡಬ್ಬಿ, ಮೀಸೆ ಸವೆದ ಬ್ರಶ್ಶು, ಪದಕಗಳ ಬದಲು ಹಳೆಯ ಅಂಗಿಯ ಗುಂಡಿ, ಕತ್ತಿಯ ಬದಲು ಸೌಟು. ಕೂತದ್ದು ಮಕ್ಕಳು ಆಡುವ ಮರದ ಕುದುರೆಯ ಮೇಲೆ.

ಸಂಗಪ್ಪ ಬರ್ಮಾದ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಬಂದಮೇಲೆ ಸೈಕಲ್ ರಿಪೇರಿಗೆ ಕೂತ, ಯುದ್ಧದ ಮಾತೆತ್ತಲಿಲ್ಲ. ಈ ವರ್ಷ ಒಂದು ದಿನ ನನ್ನ ಚಿಕ್ಕಂದಿನ ಗೊಂಬೆಗಳನ್ನು ಕೇಳಿ ಒಯ್ದ. ನೋಡಲು ಹೋದರೆ ಅವೆಲ್ಲ ಕುದುರೆಯ ಕಾಲಡಿ ಬಿದ್ದಿದ್ದವು, ಕೆಲವಕ್ಕೆ ಕೈಯಿರಲಿಲ್ಲ. ಒಂದನ್ನು ಎತ್ತಿಕೊಳ್ಳಲು ಬಾಗಿದೆ. ಆದರೆ ಆ ಮೀಸೆ ನೋಡಿ ನಗು ತಡೆಯಲಾಗಲಿಲ್ಲ.

“ನಕ್ಕಿ ನೋಡಕ್ಕ. ಇನ್ನ ಯಾರ ಮುಂದ ಬೇಕಾದ್ರೂ ಇಡಬೌದು” ಎಂದ.

ನಾನು ಹುನಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಬಾದಾಮಿಯ ಶಾಲೆಯೊಂದರಲ್ಲಿ ಕಲಾ ಪ್ರದರ್ಶನವೆಂದು ತಿಳಿದು, ಅಲ್ಲಿಯ ಹೆಡ್‌ಮಾಸ್ತರರಿಗೆ ನಾನೇ ಪತ್ರ ಬರೆದಿದ್ದೆ.

“ದೇವ್ರೇನ್ರಿ ಅಕ್ಕಾರ?” ಕಂಡಕ್ಟರ್ ಕೇಳಿದ.

“ಜನರಲ್ ಅದಾನ” ಎಂದ ಸಂಗಪ್ಪ.

“ಯಾರರೆ ಇರ್ಲಿ, ಲಗೇಜ್ ಕೊಡಬೇಕ್ರಿ.” ನಾಲ್ಕಾಣೆ ತೆಗೆದುಕೊಂಡೇ ಬಿಟ್ಟ.

ಹುನಗುಂದ ದಾಟಿ, ಅಮೀನಗಡದಲ್ಲಿ ರೊಟ್ಟಿ, ಪುಂಡಿಪಲ್ಯ ತಿಂದು, ಬಾಗಲಕೋಟೆ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ರೈಲು. ಬಾದಾಮಿ ಸ್ಟೇಶನ್ನಿನಿಂದ ಊರಿಗೆ ಮೂರು ಮೈಲಿ. ಟಾಂಗಾದಲ್ಲಿ ಸಂಗಪ್ಪ ಮರದ ಕುದುರೆಯನ್ನು ತೊಡೆಯ ಮೇಲೆ ಹಿಡಿದು ಕೂತ.

ಹೆಡ್‌ಮಾಸ್ತರರು ನೋಡಿದವರೇ ಗಾಬರಿಯಾದರು. “ನಾಳೆ ಉದ್ಘಾಟನಾಕ್ಕ ನಿವೃತ್ತ ಸುಬೇದಾರ್ರು ಬರ್ತಾರ್ರಿ. ಇದನ್ನ ಒಳಗಿನ ಖೋಲ್ಯಾಗ ಇಡೂಣು.”

ಸಂಗಪ್ಪ ವಾಪಸು ಒಯ್ಯಲೆಂದು ಜನರಲ್ಲನಿಗೆ ಮತ್ತೆ ಹಗ್ಗ ಬಿಗಿಯತೊಡಗಿದ. ನಾನು ಅವನ ಕೈ ಹಿಡಿದೆ. “ಮುಚ್ಚಿಡೂದಿದ್ರ ಇಳಕಲ್ಲದಾಗ ಇಡತಿದ್ವಿ ಸರ್. ಬೈದ್ರ ನನ್ನ ಬೈಲಿ” ಎಂದು ಬಾಗಿಲ ಪಕ್ಕದಲ್ಲೇ ಇಟ್ಟೆ.

ಮರುದಿನ ಬೆಳಿಗ್ಗೆ ಸುಬೇದಾರರು ಕೋಲೂರುತ್ತ ಬಂದರು. ಜನರಲ್ಲನ ಸುತ್ತ ನಗುತ್ತಿದ್ದ ಮಕ್ಕಳು ಸರಿದು ನಿಂತರು. ಸುಬೇದಾರರು ಕುದುರೆಯ ಕಾಲಡಿಯ ಗೊಂಬೆಗಳನ್ನು ಬಹಳ ಹೊತ್ತು ನೋಡಿದರು.

“ಮಾಡಿದಾಂವ ಯಾಂವ?”

“ನಾನ್ರಿ. ಬರ್ಮಾದಾಗ ಲಾರಿ ಹೊಡೀತಿದ್ನಿ.”

“ನಾನೂ ಅಲ್ಲೇ ಇದ್ನಿ.” ಕೋಲಿನ ತುದಿಯಿಂದ ಜನರಲ್ಲನ ಪುಟ್ಟ ಬೂಟು ಮುಟ್ಟಿದರು. ಸಂಗಪ್ಪ ಅದಕ್ಕೆ ಎರೆಮಣ್ಣು ಮೆತ್ತಿದ್ದ. “ಇದೊಂದು ತಪ್ಪಾಗೇತಿ ನೋಡು. ಇಂಥವರ ಬೂಟಿಗೆ ಕೆಸರು ಎಲ್ಲಿ ಹತ್ತತೈತೋ? ಒರಸು.”

ಸಂಗಪ್ಪ ಮಂಡಿಯೂರಿ ಕೂತು ಹೆಗಲ ಮೇಲಿನ ವಸ್ತ್ರದಿಂದ ಬೂಟು ಒರೆಸಿದ. ಒರೆಸುತ್ತ ಒರೆಸುತ್ತ ಗಟ್ಟಿಯಾಗಿ ನಕ್ಕುಬಿಟ್ಟ. ಸುಬೇದಾರರೂ ನಕ್ಕರು, ಅವರ ಕಣ್ಣು ಮಾತ್ರ ಒದ್ದೆಯಾಗಿತ್ತು.

ಮೂರನೆಯ ದಿನ ಟಾಂಗಾ ಹತ್ತುವಾಗ “ಹೊಳ್ಳಿ ಒಯ್ಯೂದಿಲ್ಲೇನು?” ಎಂದು ಕೇಳಿದೆ.

“ಇಲ್ಲೇ ಇರ್ಲಿ ಬಿಡಕ್ಕ” ಎಂದ.

ತಿರುಗಿ ನೋಡಿದೆ. ಸುಬೇದಾರರು ಅಂದೂ ಬಂದಿದ್ದರು. ಬಾಗಿಲ ಬಳಿ ನೆಲದ ಮೇಲೆ ಕೂತು, ಒಂದೊಂದೇ ಗೊಂಬೆಯನ್ನು ತೋರಿಸುತ್ತ ಮಕ್ಕಳಿಗೆ ಬರ್ಮಾದಿಂದ ಮರಳದವರ ಹೆಸರು ಹೇಳುತ್ತಿದ್ದರು.