ಅತ್ತೆ ಆರಿಸಿದ ಉಕ್ಕಿನ ಗುಂಡು

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಮ್ಮತ್ತೆ ಬಂದಳು, ಬರಿಗೈಯಲ್ಲೇ ಪಾತ್ರೆ ಎತ್ತಿ ಪಕ್ಕಕ್ಕಿಟ್ಟಳು, ಒಲೆ ಆರಿಸಿದಳು. ಅವಸರವೇನೂ ಇಲ್ಲ. ಅಮ್ಮ ಕೈಲಿದ್ದ ಚಾಕು ಬಿಟ್ಟು ಓಡಿ ಬಂದು ಅವಳ ಅಂಗೈ ತಿರುಗಿಸಿ ನೋಡಿದಳು. ಬೆರಳ ತುದಿಗಳು ಕೆಂಪಗಾಗಿ ಬೊಬ್ಬೆ ಏಳುತ್ತಿದ್ದವು.

"ಯಾಕೆ, ಬಿಸಿ ಇತ್ತಾ?" ಅಂದಳು ಅತ್ತೆ.

ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ. ಅವಳ ಕೆಲಸ ಏನೆಂದು ಹೇಳಿದರೆ ಜನ ಇನ್ನೊಂದು ಸಲ ಕೇಳುತ್ತಾರೆ. ಬಣ್ಣ ಬಳಿದ ತಗಡು, ಪ್ಲಾಸ್ಟಿಕ್, ಅಂಟುಪಟ್ಟಿ, ಯಾವುದೇ ಆಗಲಿ, ಅದರ ಮೇಲ್ಮೈ ಎಷ್ಟು ಜಾರುತ್ತದೆ, ಎಷ್ಟು ಒತ್ತಿದರೆ ಗೀರು ಬೀಳುತ್ತದೆ, ಎಷ್ಟು ಎಳೆದರೆ ಕಿತ್ತು ಬರುತ್ತದೆ ಅಂತ ಪರೀಕ್ಷೆ ಮಾಡುವುದು. ಅದಕ್ಕೊಂದು ಮಷಿನ್ ಇದೆ. ಕೆಳಗೆ ಮಾದರಿ ತುಂಡು ಹೊತ್ತ ಪುಟ್ಟ ಮೇಜು ನಿಧಾನಕ್ಕೆ ಸರಿಯುತ್ತದೆ, ಮೇಲೊಂದು ತೋಳು ಇರುತ್ತದೆ. ಆ ತೋಳಿಗೆ ಏನು ಸಿಕ್ಕಿಸಬೇಕು ಅನ್ನುವುದರಲ್ಲೇ ಇರುವುದು ಕೆಲಸವೆಲ್ಲ. ಮರದ ಪೆಟ್ಟಿಗೆಯೊಂದರಲ್ಲಿ ಗುಳಿಗೊಂದರಂತೆ ಅಟ್ಯಾಚ್‌ಮೆಂಟ್‌ಗಳು ಮಲಗಿರುತ್ತವೆ. ಲ್ಯಾಬಿನಲ್ಲಿ ಅವನ್ನು 'ತುದಿ' ಅನ್ನುತ್ತಾರೆ. ಗೀರಲು ಸೂಜಿಗಳು, ಕೀಳಲು ಚಿಮಟದಂಥ ಹಿಡಿಕೆ, ಉಜ್ಜಲು ಉಕ್ಕಿನ ಗುಂಡು, ಬಟ್ಟೆ ಸುತ್ತಿದ ಚಪ್ಪಟೆ ತುದಿ, ರಬ್ಬರ್ ಹಚ್ಚಿದ ಇನ್ನೊಂದು.

ಅತ್ತೆ ಮೊದಲು ಮಾದರಿಯನ್ನು ಬೆರಳಿನಿಂದ ಒಮ್ಮೆ ಸವರುತ್ತಿದ್ದಳು. ಆಮೇಲೆ ಸುಮ್ಮನೆ ಪೆಟ್ಟಿಗೆಗೆ ಕೈ ಹಾಕುತ್ತಿದ್ದಳು. ಬಂದದ್ದು ಸರಿಯಾದ ತುದಿಯೇ ಆಗಿರುತ್ತಿತ್ತು. ಆ ಮಷಿನ್ ಮುಂದಿನ ಕುರ್ಚಿ ಅವಳದು ಅಂತಾದದ್ದೇ ಆ ಬೆರಳಿನಿಂದ.

ಸುಟ್ಟ ಬೆರಳು ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರು ಅವಳ ಕೈಯನ್ನು ಬಗ್ಗಿಸಿ, ತಟ್ಟಿ, ಕಣ್ಣು ಮುಚ್ಚಿಸಿ ಚುಚ್ಚಿ ನೋಡಿದರು. ಮಣಿಕಟ್ಟಿನ ಹತ್ತಿರ ನರ ಒತ್ತಿಹೋಗಿದೆಯಂತೆ.

"ಇಷ್ಟು ದಿನ ಏನ್ ಮಾಡ್ತಿದ್ರಿ? ಆಪರೇಷನ್ ಮಾಡಬಹುದು. ಸ್ಪರ್ಶ ವಾಪಸ್ ಬರತ್ತೆ ಅಂತ ಮಾತ್ರ ಮಾತು ಕೊಡಕ್ಕಾಗಲ್ಲ," ಅಂದರು.

ಅತ್ತೆ ತಲೆಯಾಡಿಸಿದಳು, ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಅಂದಾಗ ಆಡಿಸುವ ಹಾಗೆ. ಹೊರಗೆ ಬಂದು ಆಟೋಗೆ ಕಾಯುವಾಗ ನಾನು ಕೇಳಿದೆ, "ಲ್ಯಾಬಲ್ಲಿ ಹೇಳಿದೀಯಾ ಅತ್ತೆ?"

"ಹೇಳಿದ್ರೆ ಸ್ಟೋರಿಗೆ ಹಾಕ್ತಾರೆ. ಡಬ್ಬ ಕಟ್ಟಕ್ಕೆ."

"ಭಯ ಆಗ್ತಿದೆಯಾ?"

ತನ್ನೊಳಗೆ ಹುಡುಕಿ ನೋಡಿದವಳ ಹಾಗೆ, "ಇಲ್ಲ ಕಣೋ. ಏನೂ ಆಗ್ತಿಲ್ಲ," ಅಂದಳು.

ಆಪರೇಷನ್ ಮಾತು ಎತ್ತಲಿಲ್ಲ, ಬೆರಳಿಗೆ ಪಟ್ಟಿ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಪಟ್ಟಿ ಬಿಚ್ಚಿದ ಮೇಲೂ ಹೋದಳು. ಮಾದರಿಯನ್ನು ಮೊದಲಿನ ಹಾಗೇ ಸವರುವಳು, ಕಣ್ಣಿನಲ್ಲಿ ಕಂಡದ್ದರ ಮೇಲೆ ತುದಿ ಆರಿಸುವಳು. ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲಿ ಊಟ ಮಾಡುವಳು, ಟಿವಿಯ ಮುಂದೆ ಕೂರುವಳು. ಯಾವ ಚಾನೆಲ್ ಅಂತ ಕೇಳಿದರೆ, "ಯಾವುದಾದ್ರೂ ಇರಲಿ," ಅನ್ನುವಳು. ಅಮ್ಮ ಮಾತ್ರ ಒಲೆಯ ಹತ್ತಿರ ಅವಳ ನೆರಳು ಕಂಡರೂ "ಬಿಸಿ, ಬಿಸಿ" ಅಂತ ಕೂಗುವುದನ್ನು ಅಭ್ಯಾಸ ಮಾಡಿಕೊಂಡಳು.

ಆಗ ಬಂತು ಆ ಕಂಬಿಯ ಹೊದಿಕೆ. ಬಚ್ಚಲುಮನೆಯ ಗೋಡೆಗೆ ಹಾಕುತ್ತಾರಲ್ಲ, ಮುದುಕರು ಹಿಡಿದುಕೊಂಡು ಏಳಲಿ ಅಂತ, ಆ ಕಂಬಿ. ಅದರ ಮೇಲೆ ಹೊದಿಸುವ ಹೊಸ ಹಾಳೆ. ಕೈ ಜಾರದಿದ್ದರೆ ಸಾಕು, ಮಾರಾಟಕ್ಕೆ ಬಿಡುತ್ತೇವೆ ಅಂದಿತ್ತು ಕಂಪನಿ. ನೋಡಲು ಗಾಜಿನ ಹಾಗೆ ಹೊಳೆಯುತ್ತಿತ್ತು. ಗಟ್ಟಿ ಅಂದುಕೊಂಡ ಅತ್ತೆ ಉಕ್ಕಿನ ಗುಂಡನ್ನು ಸಿಕ್ಕಿಸಿದಳು. ಗುಂಡು ಅಷ್ಟು ಸುಲಭವಾಗಿ ಸರಿಯಲಿಲ್ಲ. ಅಂದರೆ ಜಾರುವುದಿಲ್ಲ. ಮಾಲು ಪಾಸು.

ವರದಿ ಟೈಪ್ ಮಾಡುವವನನ್ನು ಲ್ಯಾಬಿನಲ್ಲಿ ಎಲ್ಲರೂ ಪ್ರಿಂಟರ್ ಅಂತಲೇ ಕರೆಯುವುದು. ಬಾಯಿ ಶುರುವಾದರೆ ಕಾಗದ ಮುಗಿಯುವವರೆಗೆ ನಿಲ್ಲುವುದಿಲ್ಲ. ಅವನು ವರದಿಯನ್ನು ಲಕೋಟೆಗೆ ಹಾಕಿ ಅಂಟಿಸಿ, ಕೊರಿಯರ್‌ನವನು ಬರಲಿ ಅಂತ ಮೇಜಿನ ಮೇಲಿಟ್ಟು ಟೀ ತರಲು ಹೋದ. ಅತ್ತೆ ಮಾದರಿಯನ್ನು ಕಟ್ಟಿಡಲು ಎತ್ತಿಕೊಂಡಳು. ಕಿಟಕಿಯ ಬೆಳಕು ಓರೆಯಾಗಿ ಬಿತ್ತು. ಗುಂಡು ಹೋದ ದಾರಿಯುದ್ದಕ್ಕೂ ಒಂದು ಪುಟ್ಟ ಕಾಲುವೆ.

ಹಾಳೆ ಮೆತ್ತಗಿತ್ತು. ಗುಂಡು ಅದರ ಮೇಲೆ ಜಾರಿರಲಿಲ್ಲ, ಒಳಗೆ ಇಳಿದು ಉಳುತ್ತಾ ಹೋಗಿತ್ತು. ಮಷಿನ್ ಹೇಳಿದ್ದು ಉಳುವ ಕಷ್ಟವನ್ನು. ಒದ್ದೆ ಕೈ ಏನು ಮಾಡುತ್ತದೆ ಅನ್ನುವುದನ್ನು ಅಲ್ಲ. ಮೊದಲಿನ ಬೆರಳಾಗಿದ್ದರೆ ಮುಟ್ಟಿದ ಕೂಡಲೇ ಗೊತ್ತಾಗುತ್ತಿತ್ತು.

ಪ್ರಿಂಟರ್ ಟೀ ತಂದ. ಅತ್ತೆ ಕುಡಿದಳು. ಲಕೋಟೆ ಅಲ್ಲೇ ಇತ್ತು. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತಿತ್ತು. ಯಾವುದೋ ಮನೆಯಲ್ಲಿ ಯಾರದೋ ಅಜ್ಜಿ ಜಾರಿ ಬಿದ್ದರೆ ಅದು ಇಲ್ಲಿಯವರೆಗೆ ಕೇಳಿಸುತ್ತಲೂ ಇರಲಿಲ್ಲ. "ಆ ಅಜ್ಜಿನ ಕಣ್ಮುಂದೆ ತಂದುಕೊಳ್ಳೋಣ ಅಂತ ನೋಡಿದೆ, ಬರಲೇ ಇಲ್ಲ," ಅಂತ ಆಮೇಲೆ ನಮಗೆ ಹೇಳಿದಳು. "ತುದಿ ತಪ್ಪು ಅನ್ನೋದಷ್ಟೇ ಗೊತ್ತಿತ್ತು."

ಲೋಟ ತೊಳೆದಿಟ್ಟು, ಲಕೋಟೆ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದಳು.

"ಇದು ಕಳಿಸೋದು ಬೇಡ ಸರ್. ಗುಂಡು ಹಾಕಬಾರದಿತ್ತು."

"ನೀವಾ? ಗುಂಡು ಹಾಕಿದ್ದು?"

"ಬೆರಳಿಗೆ ಏನೂ ತಿಳೀತಿಲ್ಲ ಸರ್. ಚಳಿಗಾಲದಿಂದ."

ಸಾಹೇಬರು ಕನ್ನಡಕ ತೆಗೆದಿಟ್ಟರು. "ಅಲ್ಲಿಂದ ಇಲ್ಲಿವರೆಗೆ ನೀವು ಮಾಡಿದ್ದೆಲ್ಲ?"

"ಮತ್ತೆ ಮಾಡಬೇಕು."

"ಸಲೀಸಾಗಿ ಹೇಳ್ತಿದೀರಲ್ಲಮ್ಮ."

"ಸಲೀಸಲ್ಲ ಸರ್. ಬೇರೆ ಥರ ಹೇಳಕ್ಕೆ ಬರ್ತಿಲ್ಲ."

ರಬ್ಬರ್ ಹಚ್ಚಿದ ಚಪ್ಪಟೆ ತುದಿ ಹಾಕಿ, ಹಾಳೆಗೆ ಸೋಪುನೀರು ಚಿಮುಕಿಸಿ ಮತ್ತೆ ಪರೀಕ್ಷೆ ಮಾಡಿದರು. ತುದಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಮಾಲು ಫೇಲು. ಚಳಿಗಾಲದಿಂದ ಈಚೆಗಿನ ಮಾದರಿಗಳೆಲ್ಲ ಸ್ಟೋರಿನಿಂದ ವಾಪಸ್ ಬಂದವು. ಅತ್ತೆಯ ಕುರ್ಚಿ ಹೋಯಿತು. ಅದನ್ನು ಪ್ರಿಂಟರ್‌ಗೆ ಕೊಟ್ಟರು. ಪೆಟ್ಟಿಗೆ ಕಂಡರೆ ಅವನಿಗೆ ಕೈಕಾಲು ಆಡುವುದಿಲ್ಲ, ಯಾವ ತುದಿ ಯಾವುದಕ್ಕೆ ಅಂತ ತಿಳಿಯುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಅತ್ತೆಗೊಂದು ಸ್ಟೂಲು ಹಾಕಿದರು.

ಮೊನ್ನೆ ಅವಳು ಮರೆತ ಕೊಡೆ ಕೊಡಲು ಹೋದಾಗ ನಾನೇ ನೋಡಿದೆ. ಕುರ್ಚಿಗೆ ಹೊದಿಸುವ ರೆಕ್ಸಿನ್ ತುಂಡೊಂದನ್ನು ಪ್ರಿಂಟರ್ ಸವರುತ್ತಿದ್ದ.

"ಹೇಗಿದೆ ಹೇಳು."

"ನಯವಾಗಿದೆ ಅಕ್ಕಾ."

"ಎಲ್ಲಾನೂ ನಯ ಅಂತೀಯ. ಸರಿಯಾಗಿ ಹೇಳು."

"ನಮ್ಮ ಮಾವನ ಬೋಳುತಲೆ ಥರ ಇದೆ."

ನಾನು ಬಾಗಿಲಲ್ಲೇ ನಗು ತಡೆದುಕೊಂಡೆ. ಅತ್ತೆ ನಗಲಿಲ್ಲ. "ಎಣ್ಣೆ ಹಚ್ಚಿದ್ದಾ, ಹಚ್ಚದೇ ಇದ್ದದ್ದಾ?"

"ಹಚ್ಚಿ ಒರೆಸಿಕೊಂಡಿದ್ದು."

"ಒತ್ತಿದ್ರೆ?"

"ಒತ್ತಿದ್ರೆ ಮಾವ ಬೈತಾರೆ."

"ಒತ್ತು."

ಅವನು ಒತ್ತಿದ. "ಒಳಗೆ ಹೋಗತ್ತೆ ಅಕ್ಕಾ. ನಿಧಾನಕ್ಕೆ ವಾಪಸ್ ಬರತ್ತೆ."

"ಹಾಗಾದ್ರೆ ಗುಂಡು ಬೇಡ. ಕೂತವರ ಬಟ್ಟೆ ತಾನೇ ಉಜ್ಜೋದು, ಬಟ್ಟೆ ಸುತ್ತಿದ್ದು ಹಾಕು. ಗೀರೋದಕ್ಕೆ ಮೊಂಡು ಸೂಜಿ."

ಅವನು ಬಟ್ಟೆ ಸುತ್ತಿದ ತುದಿಯನ್ನು ತೋಳಿಗೆ ಸಿಕ್ಕಿಸಲು ಬಗ್ಗಿದ. ಅತ್ತೆ ಪೆಟ್ಟಿಗೆಯಿಂದ ಮೊಂಡು ಸೂಜಿಯನ್ನು ತೆಗೆದು, ಕೊಡುವ ಮೊದಲು ತನ್ನ ತೋರುಬೆರಳಿನ ತುದಿಗೆ ಒತ್ತಿಕೊಂಡಳು. ಗುಳಿ ಬಿತ್ತು. ಸೂಜಿ ತೆಗೆದಳು. ಗುಳಿ ತುಂಬಿಕೊಳ್ಳುವುದನ್ನು, ಬೇರೆ ಯಾರದೋ ಮಾದರಿ ನೋಡುವ ಹಾಗೆ, ಪೂರ್ತಿ ನೋಡಿದಳು.

"ಅಕ್ಕಾ, ಸೂಜಿ," ಅಂತ ಪ್ರಿಂಟರ್ ಕೈ ಚಾಚಿದ.

ಕೊಟ್ಟಳು.