ಜೋಡಿ ಮಾತ್ರೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮಾತ್ರೆಗಳಿಗೆ ಬಣ್ಣದ ಲೇಪ ಹಚ್ಚುವವರು. ಕುಂಚ ಹಿಡಿದು ಹಚ್ಚುವುದಲ್ಲ. ಆಳೆತ್ತರದ ಉಕ್ಕಿನ ಡ್ರಮ್ಮಿನಲ್ಲಿ ಲಕ್ಷಗಟ್ಟಲೆ ಮಾತ್ರೆಗಳು ಉರುಳುತ್ತಿರುತ್ತವೆ. ಅವುಗಳ ಮೇಲೆ ಬಣ್ಣದ ಸ್ಪ್ರೇ, ಜೊತೆಗೆ ಬಿಸಿಗಾಳಿ. ಒದ್ದೆಯಾಗಬೇಕು, ಕೂಡಲೇ ಒಣಗಬೇಕು. ಇಪ್ಪತ್ತಾರು ವರ್ಷದಿಂದ ಭಾವ ಆ ಡ್ರಮ್ಮಿಗೆ ಕಿವಿಗೊಟ್ಟು ನಿಂತಿದ್ದಾರೆ. ಒಣಗಿದ ಮಾತ್ರೆ ಗಲಗಲ ಎನ್ನುತ್ತದೆ, ಒದ್ದೆ ಹೆಚ್ಚಾದರೆ ಸದ್ದು ಮಂಕಾಗುತ್ತದೆ. ಅಕ್ಕ ಕರೆದರೆ ಮಾತ್ರ ಅದೇ ಕಿವಿಗೆ ಏನೂ ಕೇಳಿಸುವುದಿಲ್ಲ.

ನಾನೂ ಅದೇ ಕಾರ್ಖಾನೆಯ ತೂಕದ ಕೋಣೆಯವನು, ಹಾಗಾಗಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ.

ಈ ವರ್ಷ ಒಬ್ಬಳು ಇಂಜಿನಿಯರ್ ಬಂದಳು. ನಿಜವಾದ ಡ್ರಮ್ಮನ್ನಲ್ಲ, ಅದರ ನಕಲನ್ನು ಕಂಪ್ಯೂಟರಿನಲ್ಲೇ ತಿರುಗಿಸುವವಳು. ಒದ್ದೆ ಮಾತ್ರೆಗಳು ಒಂದಕ್ಕೊಂದು ಹೇಗೆ ತಾಗುತ್ತವೆ, ಎಷ್ಟು ಹೊತ್ತು ಅಂಟಿರುತ್ತವೆ ಎಂದು ಲೆಕ್ಕ ಹಾಕಿ ತೆರೆಯ ಮೇಲೆ ತೋರಿಸುತ್ತಿದ್ದಳು. ಸ್ಪ್ರೇ ಜೋರು ಮಾಡಿದರೂ ತೊಂದರೆಯಿಲ್ಲ, ಕೆಲಸ ಬೇಗ ಮುಗಿಯುತ್ತದೆ ಎಂದಿತು ಅವಳ ಲೆಕ್ಕ. ಮ್ಯಾನೇಜರಿಗೆ ಅಷ್ಟೇ ಬೇಕಿತ್ತು. ಬೇಡವೆಂದ ಭಾವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಎರಡು ಸಲ ಜೋರು ಮಾಡಿದರು, ಎರಡೂ ಸಲ ಮಾತ್ರೆಗಳು ಎರಡೆರಡಾಗಿ ಅಂಟಿಕೊಂಡು ಬಂದವು. ಅದಕ್ಕೆ ನಾವು ಜೋಡಿ ಅನ್ನುತ್ತೇವೆ. ಕಂಪ್ಯೂಟರಿನಲ್ಲಿ ಒಂದೂ ಜೋಡಿ ಇರಲಿಲ್ಲವಾದ್ದರಿಂದ ತಪ್ಪನ್ನು ಭಾವನ ತಲೆಗೆ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೂರನೆಯ ಸಲವೂ ಹೀಗಾದರೆ ಡ್ರಮ್ಮು ಬಿಟ್ಟು ಡಬ್ಬ ತುಂಬುವ ಕಡೆ ಹೋಗಿ ಎಂದರು ಮ್ಯಾನೇಜರ್. ನನಗೆ ಮೈಯೆಲ್ಲ ಉರಿಯಿತು. ಭಾವ ಮಾತ್ರ ಒಂದು ಹಿಡಿ ಜೋಡಿಗಳನ್ನು ತಟ್ಟೆಗೆ ಹಾಕಿಕೊಂಡು ಅವಳ ಮೇಜಿನ ಹತ್ತಿರ ಹೋದರು. ಜಗಳವಾದರೆ ಇರಲಿ ಎಂದು ನಾನೂ ಹಿಂದೆ ಹೋದೆ.

ತೆರೆಯ ಮೇಲೆ ಡ್ರಮ್ಮು ತಿರುಗುತ್ತಿತ್ತು. ಭಾವ ಬಹಳ ಹೊತ್ತು ನೋಡಿದರು.

"ಮೇಡಂ, ಇವು ಗೋಲಿ ಅಲ್ವಾ?"

ಲೆಕ್ಕ ಸುಲಭವಾಗಲೆಂದು ಗುಂಡಗೆ ಮಾಡಿದ್ದೇನೆ, ಎಷ್ಟೋ ಜನ ಹಾಗೇ ಮಾಡುತ್ತಾರೆ ಎಂದಳು.

"ಗೋಲಿಗೆ ಪಕ್ಕೆ ಎಲ್ಲಿಂದ ಬರ್ಬೇಕು? ನಮ್ಮದು ಉದ್ದನೆ ಮಾತ್ರೆ, ಪಕ್ಕೆ ಚಪ್ಪಟೆ. ಒದ್ದೆ ಪಕ್ಕೆಗೆ ಒದ್ದೆ ಪಕ್ಕೆ ತಾಗಿದ್ರೆ ಮುಗೀತು. ಇಷ್ಟರಲ್ಲಿ ಒಂದಾದ್ರೂ ಬೇರೆ ಕಡೆ ಅಂಟಿದ್ಯಾ, ನೀವೇ ನೋಡಿ."

ಅವಳು ಒಂದೊಂದೇ ಜೋಡಿಯನ್ನು ತಿರುಗಿಸಿ ನೋಡಿದಳು. ಎಲ್ಲವೂ ಪಕ್ಕೆಗೆ ಪಕ್ಕೆ ಅಂಟಿದ್ದವು. ಮುಖ ಸಪ್ಪಗಾಯಿತು. ಆಮೇಲೆ ಭಾವನಿಗೊಂದು ಕುರ್ಚಿ ಎಳೆದು ಹಾಕಿ, ಇನ್ನೇನೇನು ಬಿಟ್ಟಿದ್ದೇನೆ ಹೇಳಿ ಎಂದು ಕೇಳಿದಳು.

ನಿಜವಾದ ಆಕಾರ ಕೊಟ್ಟಾಗ ಕಂಪ್ಯೂಟರಿಗೆ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಮೂರನೆಯ ಸಲದ ಕೆಲಸ ಶುರುವಾಗದಂತೆ ತಡೆದವಳು ಅವಳೇ. ಹತ್ತನೆಯ ದಿನ ತೆರೆಯ ತುಂಬ ಜೋಡಿಗಳು. ಮ್ಯಾನೇಜರನ್ನು ಕರೆದು ತೋರಿಸಿ, "ಸರ್, ತಪ್ಪು ಇವರದಲ್ಲ, ನಂದು" ಎಂದಳು. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಆ ಕಟ್ಟಡದಲ್ಲಿ ನಾನು ಕಂಡಿರಲಿಲ್ಲ. ಅವಳ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ಮ್ಯಾನೇಜರ್ ಭಾವನ ಕಡೆ ತಿರುಗಿದರು. "ಹಾಗಾದ್ರೆ ಸ್ಪ್ರೇ ಎಷ್ಟಿಡೋಣ? ನೀವೇ ಹೇಳಿ."

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಭಾವನಿಗೆ ಅದು ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಮುಖ ತೊಳೆದು ಬರುತ್ತೇನೆಂದು ಕೈಸನ್ನೆ ಮಾಡಿ ಹೊರಗೆ ಹೋದರು. ಅವರು ಬರುವವರೆಗೆ ಮ್ಯಾನೇಜರೂ ಸೇರಿ ನಾವು ಮೂವರೂ ಕಾದು ನಿಂತೆವು.